ಬಲಕ್ಕಷ್ಟೇ ತಿರುಗುವ ಸೈಕಲ್

ಹೇಮಾವತಿಗೆ ಸೈಕಲ್ ಕಲಿಸಿದ್ದು ಅವಳ ಅತ್ತೆ ನಿಂಗಕ್ಕ. ನಿಂಗಕ್ಕನಿಗೆ ಸೈಕಲ್ ಬರುತ್ತಿರಲಿಲ್ಲ. ಅರ್ಧಂಬರ್ಧ ಬರುತ್ತಿತ್ತು ಎಂದೂ ಹೇಳುವಂತಿಲ್ಲ. ಅರವತ್ತು ವರ್ಷದಲ್ಲಿ ಒಂದು ದಿನವೂ ಆಕೆ ಸೈಕಲ್ ಮೇಲೆ ಕೂತವಳಲ್ಲ. ಹಾಗಂತ ಕಲಿಸುವುದಕ್ಕೆ ಹಿಂದೆಮುಂದೆ ನೋಡಲಿಲ್ಲ. ರೊಟ್ಟಿ ತಟ್ಟುವುದರಿಂದ ಹಿಡಿದು ದನಕ್ಕೆ ಮೂಗುದಾರ ಹಾಕುವವರೆಗೆ ಜಗತ್ತಿನಲ್ಲಿ ಇನ್ನೊಬ್ಬರಿಗೆ ತಾನು ಹೇಳಿಕೊಡಲಾಗದ್ದು ಏನಾದರೂ ಇದೆ ಎಂದು ಆಕೆಗೆ ಯಾವತ್ತೂ ಅನ್ನಿಸಿದ್ದಿಲ್ಲ.

ಇದು ತೊಂಬತ್ತೆಂಟನೇ ಇಸವಿಯ ಮಾತು. ಹಿರಿಯೂರಿಗೂ ಹೊಸದುರ್ಗಕ್ಕೂ ನಡುವಿನ ಜಾಲಿಕೆರೆ ಎಂಬ ಊರಿನಲ್ಲಿ ಅಂಚೆ ಹಂಚುತ್ತಿದ್ದ ಕಾಟಯ್ಯ ವಯಸ್ಸಾಯಿತೆಂದು ಚೀಲ ಕೆಳಗಿಟ್ಟಿದ್ದ. ಅವನು ಹೊಲದ ಬದುಗಳ ಮೇಲೆ ನಡೆದೇ ಕಾಗದ ಮುಟ್ಟಿಸಿದವನು. ಹಬ್ಬಕ್ಕೆ ಬನ್ನಿ ಎಂದು ಬರೆದ ಕಾಗದವನ್ನು ಹಬ್ಬ ಕಳೆದ ಮೇಲೆ ಕೊಟ್ಟರೂ ಜನ ಅವನಿಗೆ ಮಜ್ಜಿಗೆ ಕೊಟ್ಟೇ ಕಳಿಸುತ್ತಿದ್ದರು. ಆ ಜಾಗಕ್ಕೆ ಅರ್ಜಿ ಕರೆದು ಅಂಚೆ ಕಚೇರಿಯ ಗೋಡೆಗೆ ಚೀಟಿ ಅಂಟಿಸಿದರು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಇದೇ ಊರಿನಲ್ಲಿ ವಾಸವಿರಬೇಕು, ಸೈಕಲ್ ಬರಬೇಕು. ಮೊದಲಿನ ಎರಡು ಹೇಮಾವತಿಗೆ ಇದ್ದವು. ಮೂರನೆಯದಕ್ಕೆ ಇಪ್ಪತ್ತು ದಿನ ಇತ್ತು.

ಹೊಳಲ್ಕೆರೆಯಿಂದ ಸೊಸೆಯಾಗಿ ಬಂದು ಎಂಟು ವರ್ಷವಾಗಿತ್ತು. ಗಂಡ ಮೋಹನ್‌ಕುಮಾರ್ ಹಿರಿಯೂರಿನ ಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಒಳ್ಳೆಯ ಮನೆಯೇ, ಕೊರತೆ ಹೇಳುವಂತಿರಲಿಲ್ಲ. ಆದರೆ ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಮನೆಯವರಷ್ಟೇ. ಉಳಿದವರಿಗೆಲ್ಲ ಅವಳು ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಓಬಳೇಶಪ್ಪನ ಸೊಸೆ. ಆ ಚೀಟಿ ಓದಿದ ದಿನದಿಂದ ಹೇಮಾವತಿಗೆ ಆ ಕೆಲಸ ಬೇಕೇ ಬೇಕು ಅನ್ನಿಸಿಬಿಟ್ಟಿತ್ತು. ಹಾಗೆ ಬೇಕು ಅನ್ನಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು, ಅದಕ್ಕೇ ಅವಳಿಗೆ ಸ್ವಲ್ಪ ನಾಚಿಕೆಯೂ ಆಗಿತ್ತು.

"ಅತ್ತೆ, ನನಗೆ ಆ ಕೆಲಸ ಬೇಕು," ಎಂದಳು ರಾಗಿ ಬೀಸುತ್ತ.

"ಬೇಕಾದ್ರೆ ತಗೋ. ಸೈಕಲ್ ಏನು ಮಹಾ. ಕೋಡಿಹಟ್ಟಿ ಗೊಲ್ಲಪ್ಪ ಕೈಬಿಟ್ಟು ಹೊಡೀತಾನೆ. ನೀನು ಕೈ ಹಿಡ್ಕಂಡು ಹೊಡಿ, ಸಾಕು," ಎಂದಳು ನಿಂಗಕ್ಕ.

ಆ ಗೊಲ್ಲಪ್ಪ ಜಾಲಿಕೆರೆಯ ಅಕ್ಕನ ಮನೆಯಲ್ಲೇ ಉಳಿದುಕೊಂಡು ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದ. ಅವನಿಗಿಂತ ಹೇಮಾವತಿಗೆ ಅಂಕ ಜಾಸ್ತಿ. ಆದರೆ ಸೈಕಲ್ ಬರದಿದ್ದರೆ ಅಂಕ ಕಟ್ಟಿಕೊಂಡು ಏನು ಮಾಡುವುದು?

ಪಾಲಣ್ಣನ ಸೈಕಲ್ ಶಾಪಿನಿಂದ ಲೇಡೀಸ್ ಸೈಕಲ್ ಬಂತು. ಕಲಿಯುವ ಜಾಗಕ್ಕೂ ಯೋಚನೆ ಮಾಡಬೇಕಿರಲಿಲ್ಲ. ಊರ ಕೆರೆ ರೊಟ್ಟಿ ಹೆಂಚಿನಂತೆ ದುಂಡಗಿತ್ತು. ಹಿಂದಿನ ವರ್ಷ ಏರಿ ರಿಪೇರಿ ಮಾಡಿದಾಗ ಕೆರೆಯ ಸುತ್ತಲೂ ಗರಸು ಹಾಕಿ ದಾರಿ ಮಾಡಿದ್ದರು. ಕೋಡಿಯ ಹತ್ತಿರ ಕಲ್ಲುಕಂಬ ನೆಟ್ಟಿದ್ದರಿಂದ ಗಾಡಿ, ಟ್ರ್ಯಾಕ್ಟರ್ ಯಾವುದೂ ಒಳಗೆ ಬರುವಂತಿರಲಿಲ್ಲ. ಬೆಳಗ್ಗೆ ಹೊತ್ತು ಅಲ್ಲಿ ಕೊಕ್ಕರೆಗಳು, ನಾಲ್ಕು ಎಮ್ಮೆ, ಬಿಟ್ಟರೆ ತೂಬಿನ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತ ಓಬಳೇಶಪ್ಪ. ಬಿದ್ದರೆ ನಗುವವರಿಲ್ಲ. ಮಾವ ನಗಬೇಕೆನ್ನಿಸಿದಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಅಷ್ಟು ಮರ್ಯಾದೆ ಅವರಿಗಿತ್ತು.

ನಿಂಗಕ್ಕ ಕ್ಯಾರಿಯರ್ ಹಿಡಿದು ಹಿಂದೆ ಓಡುವಳು. ಓಡುತ್ತ, "ಮುಂದೆ ನೋಡು, ಚಕ್ರ ನೋಡಬ್ಯಾಡ. ಚಕ್ರ ಎಲ್ಲಿಗೂ ಓಡಿಹೋಗಲ್ಲ," ಎನ್ನುವಳು. ಐದನೇ ದಿನ ಕೈ ಬಿಟ್ಟಳು. ಹೇಮಾವತಿ ಗೊತ್ತಿಲ್ಲದೆ ತೂಬಿನವರೆಗೆ ಹೋಗಿ, ಗೊತ್ತಾದ ಕೂಡಲೇ ಬಿದ್ದಳು. ಹತ್ತನೇ ದಿನಕ್ಕೆ ಪೂರ್ತಿ ಒಂದು ಸುತ್ತು ಬಂದಳು. ಚಕ್ರದಡಿ ಗರಸು ಕರಕರ ಅನ್ನುವುದು, ಬಲಗಡೆ ನೀರು ಜೊತೆಗೇ ಬರುವುದು, ಎದುರಿಗೆ ಯಾರೂ ಇಲ್ಲದಿರುವುದು, ಇಷ್ಟೂ ಸೇರಿ ಅವಳಿಗೆ ತವರಿಗೆ ಹೊರಟಾಗಿನ ಸಂತೋಷ. ದಿನಕ್ಕೆ ನಾಲ್ಕು ಸುತ್ತು, ಐದು ಸುತ್ತು ಹೊಡೆದಳು.

ಹದಿನಾರನೇ ದಿನ ಧೈರ್ಯ ಮಾಡಿ ಊರೊಳಗೆ ಸೈಕಲ್ ತಂದಳು. ಅಂಚೆ ಕಚೇರಿಗೆ ಹೋಗಲು ಅರಳಿಕಟ್ಟೆಯ ಹತ್ತಿರ ಎಡಕ್ಕೆ ತಿರುಗಬೇಕು. ಹೇಮಾವತಿ ತಿರುಗಿಸಿದಳು. ಸೈಕಲ್ ತಿರುಗಲಿಲ್ಲ. ನೇರವಾಗಿ ಹೋಗಿ ಚಂದ್ರಕ್ಕನ ತಿಪ್ಪೆಗೆ ನುಗ್ಗಿತು. ಎದ್ದು, ಸೀರೆ ಕೊಡವಿಕೊಂಡು, ಇನ್ನೊಮ್ಮೆ ಬಂದಳು. ತಿಪ್ಪೆ ಇನ್ನೊಮ್ಮೆ ಸಿಕ್ಕಿತು. ಮೂರನೇ ಸಲಕ್ಕೆ ಚಂದ್ರಕ್ಕನೇ ಹೊರಗೆ ಬಂದು, "ಗೊಬ್ಬರ ಬೇಕಿದ್ರೆ ಪುಟ್ಟಿ ತಗಂಡು ಬಾರೆ, ಸೈಕಲ್ ಯಾಕೆ?" ಎಂದು ಕೇಳಿದಳು.

ಸೈಕಲ್ ಕೆಟ್ಟಿದೆಯೆಂದು ಹೇಮಾವತಿ ಪಾಲಣ್ಣನ ಶಾಪಿಗೆ ತಳ್ಳಿಕೊಂಡು ಹೋದಳು. ಪಾಲಣ್ಣ ತಾನೇ ಹತ್ತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತಿ ಇಳಿದ. "ಸೈಕಲ್ ಸರಿಯಾಗೈತಮ್ಮ. ಕೆರೆ ಎಷ್ಟು ಸುತ್ತು ಹಾಕ್ದೆ?"

"ಇಪ್ಪತ್ತರ ಮೇಲೆ ಆಗೈತಣ್ಣ."

"ಎಲ್ಲಾ ಒಂದೇ ಕಡೆಯಿಂದನಾ?"

"ಇನ್ನೊಂದು ಕಡೆಯಿಂದ ಸುತ್ತಾಕೆ ಅತ್ತೆ ಬಿಡಬೇಕಲ್ಲ."

ಪಾಲಣ್ಣ ತಲೆ ಚಚ್ಚಿಕೊಂಡ. ಜಾಲಿಕೆರೆಯವರಿಗೆ ಕೆರೆಯೆಂದರೆ ಬರೀ ನೀರಲ್ಲ, ಕೆರೆಯಮ್ಮ. ನೀರೇ ದೇವರು. ದೇವರನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತಬೇಕು. ಹಾಗಾಗಿ ನಿಂಗಕ್ಕ ಸೊಸೆಗೆ ಕಲಿಸಿದ್ದು ಸೈಕಲ್ಲಿನಲ್ಲಿ ಪ್ರದಕ್ಷಿಣೆ. ಭಕ್ತಿಗೇನೂ ಕಡಿಮೆಯಾಗಿರಲಿಲ್ಲ, ಆದರೆ ಹೇಮಾವತಿಯ ಕೈಗಳಿಗೆ ಜಗತ್ತಿನಲ್ಲಿ ಎಡ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ.

ಪರೀಕ್ಷೆಗೆ ನಾಲ್ಕೇ ದಿನ. ಟಾರು ರಸ್ತೆಯಲ್ಲಿ ಕಾಯಿ ತುಂಬಿದ ಲಾರಿಗಳು. ಊರ ಬೀದಿಯಲ್ಲಿ ತಿಪ್ಪೆ, ಕೋಳಿ, ಜನ. ಕೆರೆಯ ದಾರಿ ಬಿಟ್ಟರೆ ಗತಿಯಿಲ್ಲ.

"ಅತ್ತೆ, ನಾಲ್ಕು ದಿನ ಎಡಗಡೆಯಿಂದ ಸುತ್ತತೀನಿ," ಎಂದು ಕೇಳಿದಳು.

ನಿಂಗಕ್ಕನ ಮುಖ ಸಣ್ಣದಾಯಿತು. "ಹೆಣದ ಸುತ್ತ ಹಂಗೆ ಸುತ್ತೋದು ಕಣೆ. ಅಮ್ಮ ಈ ವರ್ಷ ತುಂಬಿ ಕುಂತವ್ಳೆ. ನೀನು ಅಪ್ರದಕ್ಷಿಣೆ ಹಾಕಿ, ನಾಳೆ ಕೆರೆ ಒಡೆದ್ರೆ?"

"ಕೆಲಸ ಗೊಲ್ಲಪ್ಪಂಗೆ ಹೋದ್ರೆ ನಿಮಗೆ ಪರವಾಗಿಲ್ಲೇನು?"

"ನಾನು ಹಂಗಂದ್ನಾ?"

ಸಿಟ್ಟು ಬಂದಾಗ ಹೇಮಾವತಿ ಪಾತ್ರೆ ಕುಕ್ಕುವವಳಲ್ಲ, ಸದ್ದಿಲ್ಲದೆ ಇಡುವವಳು. ಆ ಸಂಜೆ ಮನೆಯಲ್ಲಿ ಒಂದು ಲೋಟವೂ ಸದ್ದು ಮಾಡಲಿಲ್ಲ. ಓಬಳೇಶಪ್ಪ ಅದನ್ನು ಕೇಳಿಸಿಕೊಂಡು ಊಟ ಮುಗಿಸಿ ಬೇಗ ಹೊರಗೆ ಹೋದರು. ದೇವರೂ ಬೇಕು, ಸೊಸೆಯೂ ಬೇಕು, ಏನು ಮಾಡಬೇಕೋ ತಿಳಿಯದೆ ನಿಂಗಕ್ಕನಿಗೆ ನಿಜಕ್ಕೂ ಸಂಕಟವಾಗಿತ್ತು.

ಬೆಳಗ್ಗೆ ಹೇಮಾವತಿ ಏಳುವಷ್ಟರಲ್ಲಿ ನಿಂಗಕ್ಕ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಅಂಗಳದಲ್ಲಿ ನಿಂತಿದ್ದಳು. ಕೈಯಲ್ಲಿ ಹಿತ್ತಾಳೆ ಚೊಂಬು. ಅದರ ಬಾಯಿಗೆ ವೀಳ್ಯದೆಲೆ, ಕೊರಳಿಗೆ ಅರಿಸಿನ ಕುಂಕುಮ.

"ಇದೇನತ್ತೆ?"

"ಕೆರೆ ನೀರು. ಅಮ್ಮನ್ನ ಚೊಂಬಿಗೆ ಕರ್ಕಂಡು ಬಂದೀನಿ. ಅಮ್ಮನೇ ಸೈಕಲ್ ಮೇಲೆ ಕುಂತು ನಮ್ ಜತೆಗೆ ಬಂದ್ರೆ, ಎಡ ಯಾವುದು, ಬಲ ಯಾವುದು? ಯಾವ ಕಡೆ ಹೋದ್ರೂ ಅಮ್ಮ ತಾನೇ ಹೋದಂಗೆ."

"ಚೊಂಬು ಯಾರು ಹಿಡ್ಕಳ್ಳೋದು?"

"ನಾನು," ಎಂದಳು ನಿಂಗಕ್ಕ, ಬೇರೆಲ್ಲೋ ನೋಡುತ್ತ. "ಕ್ಯಾರಿಯರ್ ಮೇಲೆ ಕುಂತ್ಕತೀನಿ."

ಒಬ್ಬಳೇ ಎಡಕ್ಕೆ ತಿರುಗಲು ಬಾರದವಳು ಅತ್ತೆಯನ್ನೂ ದೇವರನ್ನೂ ಒಟ್ಟಿಗೆ ಕೂರಿಸಿಕೊಂಡು ತಿರುಗಬೇಕು. ಆದರೆ ಬೇರೆ ದಾರಿಯೂ ಇರಲಿಲ್ಲ.

ಮೊದಲ ತಿರುವಿನಲ್ಲಿ ಚೊಂಬು ತುಳುಕಿ ನಿಂಗಕ್ಕನ ಮಡಿಲು ನೆನೆಯಿತು. ಎರಡನೆಯದರಲ್ಲಿ ಸೈಕಲ್ ವಾಲಿತು, ಇಬ್ಬರೂ ಕಾಲು ಕೊಟ್ಟು ನಿಂತರು. ನಿಂಗಕ್ಕ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಸೊಸೆಯ ಸೊಂಟ ಹಿಡಿದು, ಬಿದ್ದರೂ ಅಮ್ಮ ಮೇಲಿರಲಿ ಎಂದು ಚೊಂಬನ್ನು ಎತ್ತಿ ಹಿಡಿಯುವಳು. ಮಡಿಲ ಮೇಲೆ ನೀರು ಬಿದ್ದಾಗಲೆಲ್ಲ, "ಎಡಕ್ಕೆ, ಎಡಕ್ಕೆ, ಇನ್ನೊಂಚೂರು," ಎನ್ನುವಳು. ಅರ್ಧ ಸುತ್ತು ಮುಗಿಯುವ ಹೊತ್ತಿಗೆ ಹೇಮಾವತಿಯ ಕೈ ತಾನಾಗಿಯೇ ಎಡಕ್ಕೆ ಹೊರಳತೊಡಗಿತು.

ತೂಬಿನ ಕಟ್ಟೆಯ ಮೇಲೆ ಓಬಳೇಶಪ್ಪ ಬೀಡಿ ಬಾಯಿಂದ ತೆಗೆದು ನೋಡುತ್ತಲೇ ಕೂತರು.

ಅವರನ್ನು ದಾಟಿದ ಮೇಲೆ ನಿಂಗಕ್ಕ ಸಣ್ಣ ದನಿಯಲ್ಲಿ ಹೇಳಿದಳು: "ಮೂವತ್ತು ವರ್ಷ ನಿಮ್ಮ ಮಾವನ ಹತ್ರ ಸೈಕಲ್ ಇತ್ತು ಕಣೆ. ಹುಲ್ಲಿನ ಹೊರೆ ಕೂರಿಸ್ಕಂಡ್ರು, ಹಿಂಡಿ ಚೀಲ ಕೂರಿಸ್ಕಂಡ್ರು. ನನಗೆ ಮಾತ್ರ, ಜನ ನೋಡ್ತಾರೆ, ನೀನು ಹಿಂದೆ ನಡ್ಕಂಡು ಬಾ ಅಂದ್ರು."

ಅತ್ತೆಯ ಮೇಲೆ ನಿನ್ನೆ ಬಂದ ಸಿಟ್ಟಿಗೆ ಹೇಮಾವತಿಗೆ ಈಗ ಬೇಸರವಾಯಿತು. "ಗಟ್ಟಿಯಾಗಿ ಹಿಡ್ಕಳ್ರಿ ಅತ್ತೆ," ಎಂದು ಪೆಡಲ್ ಜೋರು ತುಳಿದಳು. ಅವತ್ತು ಮೂರು ಸುತ್ತಿಗೆ ನಿಲ್ಲಿಸೋಣವೆಂದರೆ ನಿಂಗಕ್ಕ ಐದಾಗಲಿ ಎಂದಳು. ಮಾರನೇ ದಿನ ಏಳಾಗಲಿ ಎಂದಳು.

ಪರೀಕ್ಷೆಯ ದಿನ ಚಿತ್ರದುರ್ಗದಿಂದ ಅಂಚೆ ಇನ್‌ಸ್ಪೆಕ್ಟರ್ ಚೇತನ್‌ಕುಮಾರ್ ಬಂದರು. ಅರ್ಧ ಊರು ಅರಳಿಕಟ್ಟೆಯ ಮೇಲಿತ್ತು. ಗೊಲ್ಲಪ್ಪ ಕೈಬಿಟ್ಟು ಸೈಕಲ್ ಹೊಡೆದು ತೋರಿಸಿದ. "ಕಾಗದ ಹಂಚಬೇಕಾದ್ದು ಕೈಯಿಂದಲೇ, ಕೈ ಇಟ್ಕೊಂಡೇ ಹೊಡೀರಿ," ಎಂದರು ಚೇತನ್‌ಕುಮಾರ್. ಹೇಮಾವತಿಯ ಸರದಿ ಬಂತು. ಚಂದ್ರಕ್ಕ ತಿಪ್ಪೆಯ ಪಕ್ಕದಲ್ಲಿದ್ದ ಕರುವನ್ನು ಬಿಚ್ಚಿ ಒಳಗೆ ಕಟ್ಟಿಕೊಂಡಳು. ಕ್ಯಾರಿಯರ್ ಖಾಲಿಯಿದ್ದು ಹಿಂದಿನ ಚಕ್ರ ಹಗುರವಾಗಿ ಅತ್ತಿತ್ತ ಆಡಿತು. ಆದರೂ ಕಟ್ಟೆಯ ಹತ್ತಿರ ಹೇಮಾವತಿ ಎಡಕ್ಕೆ ತಿರುಗಿದಳು, ತಿಪ್ಪೆಗೆ ಒಂದು ಮೊಳ ಬಿಟ್ಟು, ಅಂಚೆ ಕಚೇರಿಯ ಮುಂದೆ ಇಳಿದಳು.

ಒಳಗೆ ಅಂಕಗಳನ್ನು ಇನ್ನೊಮ್ಮೆ ನೋಡಿ ಚೇತನ್‌ಕುಮಾರ್ ಅವಳ ಹೆಸರು ಬರೆದರು. "ಹೇಮಾವತಿಯವರೇ, ನಾಡಿದ್ದಿಂದ ಕೆಲಸ," ಎಂದರು. ಹೇಮಾವತಿಗೆ ಕಣ್ಣು ತುಂಬಿತು. ಅವರು ಹಾಳೆಯ ಮೇಲೆ ಕೆರೆಯ ಗುಂಡು ಬರೆದು, ದಾರಿ ಗುರುತು ಹಾಕತೊಡಗಿದರು. "ಹೊಸ ಗರಸು ರಸ್ತೆ ಐತಲ್ಲ, ಅದರಲ್ಲೇ ನಿಮ್ಮ ಸುತ್ತು. ಗೊಲ್ಲರಹಟ್ಟಿ, ಆಮೇಲೆ ತೋಪಿನಹಳ್ಳಿ, ಕೊನೆಗೆ ಕೋಡಿಹಟ್ಟಿ."

ಬಾಣದ ಗುರುತು ಎಡಕ್ಕೆ ಸುತ್ತುತ್ತಿತ್ತು. ದಿನವೂ ಅಪ್ರದಕ್ಷಿಣೆ. ಹೇಮಾವತಿ ಹೆದರಿ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ನೋಡಿ, ಮೆಲ್ಲಗೆ, "ಸಾರ್, ಇದನ್ನ ಆ ಕಡೆಯಿಂದ ಶುರು ಮಾಡಿದ್ರೆ ಆಗಲ್ವಾ?" ಎಂದಳು.

"ಆಗ್ತದೆ. ನನಗೆ ಎರಡೂ ಒಂದೇ. ನೀವೇ ಹೇಳಿ, ಹೆಂಗೆ ಬರ್ಕೊಳ್ಲಿ?"

ಹೇಮಾವತಿ ಬಲಕ್ಕೆ ಎನ್ನಲು ಬಾಯಿ ತೆರೆದಳು. ಅಧಿಕಾರಿಗಳ ಮುಂದೆ ಯಾವತ್ತೂ ಮಾತಾಡದ ನಿಂಗಕ್ಕ ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿ ಒಳಗೆ ಬಂದಳು.

"ಎಡಕ್ಕೇ ಬರ್ಕಳ್ರಿ ಸಾಹೇಬ್ರೆ. ಅಮ್ಮನ್ನ ಕರ್ಕಂಡು ದಿನಾ ನಾನೂ ಬರ್ತೀನಿ."