ಪಾಪಮ್ಮ ಟೀಚರ ಉಪವಾಸ

ಕುರಿ ಕಟ್ಟುವ ಮನೆಯಲ್ಲಿ ತನ್ನ ತಾಯಿಯನ್ನು ಕೂರಿಸಿ, ಇವಳು ಇಲ್ಲಿಯೇ ಬಾಳಿ ಬದುಕಿದವಳು ಎಂದು ಲೋಕಕ್ಕೆ ತೋರಿಸಲು ಹೊರಟ ಸಿನಿಮಾದವರನ್ನು ಕಂಡು ಕವನ ಮುಖ ತಿರುಗಿಸಿಕೊಂಡಳು. ತಿ. ನರಸೀಪುರದ ರಸ್ತೆಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಗೋಡೆ ವಾಲಿಕೊಂಡು ನಿಂತಿದ್ದ ಆ ಮಣ್ಣಿನ ಮನೆಯನ್ನು ಹುಡುಕಲು ಅವರಿಗೆ ಎರಡು ದಿನ ಹಿಡಿದಿತ್ತು. ಬೆಳಿಗ್ಗೆಯಷ್ಟೇ ಕುರಿಗಳನ್ನು ಹೊರಗೋಡಿಸಿ, ಹಿಕ್ಕೆ ಗುಡಿಸಿ, ಊದುಬತ್ತಿ ಹಚ್ಚಿದ್ದರು. ವಾಸನೆ ಹೋಗಿರಲಿಲ್ಲ. ಊದುಬತ್ತಿಗೆ ಹೋಗುವ ವಾಸನೆಯೇ ಅದು? ಕ್ಯಾಮೆರಾಕ್ಕೆ ಮೂಗಿಲ್ಲವಲ್ಲ ಎಂದು ಹೇಮಂತ್ ನಕ್ಕ.

ಹೇಮಂತ್ ಬೆಂಗಳೂರಿನವನು, ಒಂದು ಎನರ್ಜಿ ಡ್ರಿಂಕ್ ಕಂಪನಿಯವನು. ಕವನ ಸ್ಕೇಟ್‌ಬೋರ್ಡ್ ಆಟಗಾರ್ತಿ. ವಯಸ್ಸು ಇಪ್ಪತ್ತೆರಡು, ಎರಡು ಸಲ ರಾಷ್ಟ್ರೀಯ ಚಿನ್ನ, ಮೂರು ಸಲ ಮುರಿದ ಮಣಿಕಟ್ಟು. ಹೆಲ್ಮೆಟ್ಟಿನ ಮೇಲೆ ಕಂಪನಿಯ ಹೆಸರು ಅಂಟಿಸಿಕೊಂಡರೆ ಎರಡು ವರ್ಷ ಅವಳನ್ನು ಸಾಕುವುದಾಗಿ ಕಂಪನಿ ಹೇಳಿತ್ತು. ಸಾಕುವುದೆಂದರೆ ಸ್ಪೇನಿನಲ್ಲಿ ಕೋಚು, ಆಡಲು ಸರಿಯಾದ ಅಂಗಳ, ದೊಡ್ಡ ಸ್ಪರ್ಧೆಗಳಿಗೆ ಟಿಕೆಟ್ಟು. ಅದಿಲ್ಲದಿದ್ದರೆ ನಮ್ಮಲ್ಲಿ ಬೋರ್ಡು ಹತ್ತಿದವರ ಗತಿ ಗೊತ್ತೇ ಇದೆ: ಶ್ರೀಮಂತರ ಮಕ್ಕಳ ಬರ್ತ್‌ಡೇಯಲ್ಲಿ ಜಿಗಿದು ತೋರಿಸಬೇಕು, ಭಾನುವಾರ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಪಾಠ ಹೇಳಬೇಕು. ಸಹಿ ಬೀಳುವ ಮುಂಚೆ ಒಂದು ಐದು ನಿಮಿಷದ ಸಿನಿಮಾ ಬೇಕು ಎಂದಿದ್ದ ಹೇಮಂತ್. ಅದರಲ್ಲಿ ಅವಳ ಕಷ್ಟ ಕಾಣಬೇಕು, ಅಷ್ಟೇ.

ಕಷ್ಟ ಹುಡುಕಿಕೊಂಡು ಅವನು ಮೊದಲು ನಂಜನಗೂಡಿನ ಅವರ ಮನೆಗೇ ಬಂದಿದ್ದ. ತಾರಸಿ ಮನೆ, ಮೊಸಾಯಿಕ್ ನೆಲ, ಫ್ರಿಜ್ಜು, ನಡುಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ. ಅಪ್ಪ ಮಾದು ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯಲ್ಲಿ ಕಾಯಂ ನೌಕರ. ಅವ್ವ ಪಾಪಮ್ಮ ಹಿಂದಿನ ಬೀದಿಯ ಅಂಗನವಾಡಿ ಟೀಚರು, ಇಪ್ಪತ್ತಾರು ವರ್ಷದ ಸರ್ವಿಸು. ಹೇಮಂತ್ ಮನೆಯೆಲ್ಲ ಸುತ್ತಿ ನೋಡಿ, ಸತ್ತವರ ಮನೆಯಿಂದ ಹೊರಬಂದವನ ಹಾಗೆ ಮುಖ ಮಾಡಿಕೊಂಡು, ಮನೆ ತುಂಬಾ ಚೆನ್ನಾಗಿದೆ, ಏನು ಮಾಡುವುದು ಎಂದ. ಚೆನ್ನಾಗಿರುವುದೂ ಒಂದು ತಪ್ಪಾದ ಕಾಲ ನೋಡಿ ಇದು.

ಅವಳೊಬ್ಬಳದೇ ಈ ಪಾಡಲ್ಲ. ಅದೇ ಕಂಪನಿಗೆ ಬಿಎಮ್‌ಎಕ್ಸ್ ಸೈಕಲ್ ಓಡಿಸುವ ಪುಣೆಯ ಹುಡುಗ ಹಲ್ಲಿನ ಡಾಕ್ಟರ ಮಗ. ಅವನಿಗೆ ಬಡತನ ಅಂಟದೆ ಇದ್ದುದರಿಂದ ಸಿನಿಮಾದಲ್ಲಿ ಮುರಿದ ಬೆನ್ನುಮೂಳೆ ಕೊಟ್ಟಿದ್ದರು. ಇನ್‌ಲೈನ್ ಸ್ಕೇಟಿಂಗಿನ ಚಂಡೀಗಢದ ಹುಡುಗಿಗೆ ಮನೆ ಬಿಟ್ಟು ಓಡಿಹೋದ ಅಪ್ಪನನ್ನು ಕೊಟ್ಟಿದ್ದರು. ಆ ಅಪ್ಪ ಸಿನಿಮಾ ನೋಡುವಾಗ ಮಗಳ ಪಕ್ಕದಲ್ಲೇ ಕೂತು ಕಡಲೆಕಾಯಿ ತಿನ್ನುತ್ತಿದ್ದನಂತೆ.

ನಿಜವಾದ ಕತೆಯನ್ನು ಯಾರೂ ಕೇಳಲಿಲ್ಲ. ಬನ್ನೂರಿನ ಅಜ್ಜಿ ಮನೆಯ ಹತ್ತಿರ ಒಂದು ರೈಸ್ ಮಿಲ್ಲು, ಅದರ ಮುಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ, ಕನ್ನಡಿಯಷ್ಟು ನುಣುಪು. ಬೇಸಿಗೆ ರಜದಲ್ಲಿ ಕವನ ಬೋರ್ಡು ಕಲಿತದ್ದು ಅಲ್ಲಿ. ಮಾದು ಫ್ಯಾಕ್ಟರಿಯ ಪ್ಯಾಕಿಂಗ್ ಹಲಗೆ ತಂದು, ಕುಯ್ದು, ಮೊಳೆ ಹೊಡೆದು ಇಳಿಜಾರು ಮಾಡಿಕೊಟ್ಟಿದ್ದ. ಬಿದ್ದರೆ ಎತ್ತಲು ಅವ್ವ ಛತ್ರಿ ಹಿಡಿದು ಬಿಸಿಲಲ್ಲಿ ಕೂತಿರುತ್ತಿದ್ದಳು, ಮಡಿಲಲ್ಲಿ ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡು. ಇಬ್ಬರು ಸಂಬಳಗಾರರು ಹಟ ಹಿಡಿದು ಮಗಳನ್ನು ಬೆಳೆಸಿದ ಕತೆ ಅದು. ಅದರಲ್ಲಿ ಅಳು ಇಲ್ಲ, ಹಾಗಾಗಿ ಅದು ಕತೆಯೇ ಅಲ್ಲವಂತೆ.

ಆದರೆ ಕವನಳಿಗೆ ಹೇಮಂತನನ್ನು ಬಯ್ಯಲು ಬಾಯಿ ಬರಲಿಲ್ಲ. ಮೂರು ವರ್ಷದ ಹಿಂದೆ, ಮೊದಲ ಚಿನ್ನ ಗೆದ್ದ ದಿನ, ಟಿವಿಯವಳೊಬ್ಬಳು ಮೈಕು ಹಿಡಿದು, ಮನೆಯಲ್ಲಿ ಊಟಕ್ಕೂ ಕಷ್ಟ ಇತ್ತಾ, ಅಮ್ಮ ತಾನು ಉಪವಾಸ ಇದ್ದು ನಿನಗೆ ಬಡಿಸುತ್ತಿದ್ದರಾ ಎಂದು ಕೇಳಿದ್ದಳು. ಕೇಳುತ್ತ ಅವಳ ಕಣ್ಣಲ್ಲೇ ನೀರು. ಇಲ್ಲ ಎಂದರೆ ಅವಳಿಗೆ ಬೇಜಾರಾಗುತ್ತದೆ ಅನ್ನಿಸಿತೋ, ಹೌದು ಎಂದರೆ ತಾನು ಇನ್ನಷ್ಟು ದೊಡ್ಡವಳಾಗುತ್ತೇನೆ ಅನ್ನಿಸಿತೋ, ಕವನ ತಲೆಯಾಡಿಸಿಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳು ಮಾತನ್ನೂ ಆಡಿರಲಿಲ್ಲ. ಮನೆಯಲ್ಲಿ ಆ ಚಾನೆಲ್ ಬರುತ್ತಿರಲಿಲ್ಲವಾಗಿ ವಿಷಯ ಅಲ್ಲಿಗೇ ಮುಚ್ಚಿಹೋಗಿತ್ತು ಎಂದುಕೊಂಡಿದ್ದಳು.

ಆವತ್ತು ಕುರಿಮನೆಯಲ್ಲಿ ಅದು ತೆರೆದುಕೊಂಡಿತು. ಪಾಪಮ್ಮನಿಗೆ ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡಿದ ಸೀರೆ ಉಡಿಸಿದ್ದರು. ಮೊದಲು, ಬೋರ್ಡಿಗೆ ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಆರತಿ ಎತ್ತಿ ಮಗಳ ದೃಷ್ಟಿ ತೆಗೆಯಿರಿ ಎಂದರು. ಪಾಪಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಇದ್ನೆಲ್ಲಾ ಬುಟ್ಟು ಮೂವತ್ ವರ್ಸಾಯ್ತು ಸಾ. ನಮ್ದು ಬುದ್ಧನ ಮನೆ. ನಾನ್ ಮಾಡಕಿಲ್ಲ."

ಹೇಮಂತ್ ಸರಿ ಬಿಡಿ ಎಂದು ಮುಂದಿನದಕ್ಕೆ ಬಂದ. ಉಳಿದ ಒಂದೇ ಮುದ್ದೆಯನ್ನು ಮಗಳ ತಟ್ಟೆಗೆ ಹಾಕಿ, ತಾನು ಒಂದು ಚೊಂಬು ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಗಬೇಕು. ಪಾಪಮ್ಮ ಅದಕ್ಕೂ ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಹೀಗೆ ಯಾವತ್ತೂ ನಡೆದಿಲ್ಲ, ಮಕ್ಕಳಿಗೆ ಊಟ ಹಾಕುವುದೇ ನನ್ನ ಕೆಲಸ, ನಾನೇ ಉಪವಾಸ ಇದ್ದೆ ಅಂದರೆ ಜನ ಏನಂದಾರು ಎಂದಳು. ಆಗ ಹೇಮಂತ್ ಮೊಬೈಲು ತೆಗೆದು ಆ ಹಳೆಯ ತುಣುಕನ್ನು ಅವಳ ಮುಂದೆ ಹಿಡಿದ.

"ಅಮ್ಮ, ಇದನ್ನ ನಾವು ಕಟ್ಟಿಲ್ಲ. ನಿಮ್ಮ ಮಗಳೇ ಹೇಳಿರೋದು, ನೋಡಿ."

ಪಾಪಮ್ಮ ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದಳು. ಮಗಳು ತಲೆಯಾಡಿಸಿದ್ದನ್ನು ನೋಡಿದಳು. ಆಮೇಲೆ ಮಗಳನ್ನು ನೋಡಿದಳು. ಕವನ ಬೋರ್ಡನ್ನು ಬೋರಲು ಹಾಕಿಕೊಂಡು ಗಾಲಿ ತಿರುಗಿಸುತ್ತ ಕೂತಿದ್ದಳು. ಆ ಗಳಿಗೆಯಲ್ಲಿ ಸುಳ್ಳು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಸ್ಪೇನು ಕಣ್ಣ ಮುಂದೆ ಬಂತು. ಗಾಲಿಯನ್ನು ಇನ್ನೊಮ್ಮೆ ತಿರುಗಿಸಿದಳು.

"ಎಲ್ಲಿ ಕೂತ್ಕಬೇಕು ಸಾ?" ಎಂದು ಪಾಪಮ್ಮ ಕೇಳಿದಳು.

ಮೂರು ಸಲ ಮುದ್ದೆ ಬಡಿಸಿದಳು, ಮೂರು ಸಲ ನೀರು ಕುಡಿದಳು. ಮೂರನೆಯ ಸಲ ಅವಳ ಕಣ್ಣಿಂದ ದಳದಳ ನೀರಿಳಿಯಿತು. ಬಂದವರೆಲ್ಲ ಚಪ್ಪಾಳೆ ತಟ್ಟಿ, ಎಷ್ಟು ನ್ಯಾಚುರಲ್ ಎಂದರು. ಆ ಕಣ್ಣೀರು ಯಾವುದಕ್ಕೆ ಎಂದು ಅಲ್ಲಿ ಗೊತ್ತಿದ್ದವಳು ಒಬ್ಬಳೇ, ಅವಳು ಆ ಮುದ್ದೆಯನ್ನು ಕ್ಯಾಮೆರಾದ ಮುಂದೆ ಮುರಿದು ನುಂಗುತ್ತಿದ್ದಳು. ಶಾಟ್ ಮುಗಿದ ಮೇಲೆ ಕಬ್ಬಿನ ಗದ್ದೆಯ ಬದುವಿಗೆ ಹೋಗಿ ಕಕ್ಕಿದಳು.

ಅಂದಿನಿಂದ ಪಾಪಮ್ಮ ಮಗಳೊಂದಿಗೆ ಮಾತು ಬಿಟ್ಟಳು. ಹೊತ್ತು ಹೊತ್ತಿಗೆ ತಟ್ಟೆ ಇಡುತ್ತಿದ್ದಳು, ಇನ್ನಷ್ಟು ಬೇಕಾ ಎಂದು ಕೇಳುತ್ತಿರಲಿಲ್ಲ.

ಒಂದು ಶುಕ್ರವಾರ ಸಿನಿಮಾ ಬಿಡುಗಡೆಯಾಯಿತು. ಅದರಲ್ಲಿ ಮಾದುವಿನ ಸುಳಿವೇ ಇರಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ ಒಂದು ಫೋಟೋವನ್ನು ಮಸುಕು ಮಸುಕಾಗಿ ತೋರಿಸಿದ್ದರು, ಅಷ್ಟೇ. ಶನಿವಾರ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಎಲ್ಲರೂ ನೋಡಿದರಂತೆ. ಅವನು ಮನೆಗೆ ಬಂದು ಶೂ ಬಿಚ್ಚುತ್ತ, "ನನ್ನ ಸಾಯಿಸ್ಬುಟ್ರಲ್ಲ ಕಣವ್ವ" ಎಂದು ನಗಲು ಹೋದ. ನಗು ಅರ್ಧಕ್ಕೇ ನಿಂತಿತು. ಭಾನುವಾರದ ಹೊತ್ತಿಗೆ ಹನ್ನೆರಡು ಲಕ್ಷ ಜನ ನೋಡಿದ್ದರು. ಹೇಮಂತ್ ಒಪ್ಪಂದದ ಕಾಗದವನ್ನು ಫೋನಿಗೆ ಕಳಿಸಿ, ಸೋಮವಾರದೊಳಗೆ ಸಹಿ ಮಾಡು ಎಂದಿದ್ದ.

ಆ ಭಾನುವಾರ ಬೆಳಿಗ್ಗೆಯೇ ಮರಿತಾಯಮ್ಮ ಬಂದಳು. ಹಿಂದಿನ ಬೀದಿಯವಳು, ಕಂಡವರ ಗದ್ದೆಯಲ್ಲಿ ನಾಟಿ, ಕಳೆ ಮಾಡಿ ಬದುಕುವವಳು. ಅವಳ ಇಬ್ಬರು ಮಕ್ಕಳೂ ಪಾಪಮ್ಮನ ಅಂಗನವಾಡಿಯಲ್ಲೇ ಬೆಳೆದಿದ್ದವು. ತಲೆಯ ಮೇಲೆ ಒಂದು ಮೂಟೆ. ಇಳಿಸಿ, ಬಾಯಿ ಬಿಚ್ಚಿ ತೋರಿಸಿದಳು: ಸೊಸೈಟಿಯ ರೇಷನ್ ಅಕ್ಕಿ. ಆರು ಮನೆಯವರು ಸೇರಿಸಿದ್ದು, ಕಲ್ಲು, ನುಚ್ಚು ಎಲ್ಲ ಆರಿಸಿ ತಂದಿದ್ದೇವೆ ಎಂದಳು. ಪಾಪಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಮುಂದೆ ಬರಲಿಲ್ಲ. ಮರಿತಾಯಮ್ಮ ಕವನಳ ಕೈ ಹಿಡಿದುಕೊಂಡಳು.

"ಸಿನ್ಮಾ ನೋಡೋಗಂಟ ನಮ್ಗೆ ಗೊತ್ತೇ ಆಗ್ನಿಲ್ಲ ಕಣವ್ವ. ನಮ್ಮಕ್ಕಳ್ಗೆ ದಿನಾ ಮೊಟ್ಟೆ ಸುಲ್ದು ಕೊಡ್ತಿದ್ರು ಟೀಚ್ರು. ಒಂದ್ನಾದ್ರೂ ತಾವು ತಿನ್ಕಬಾರ್ದಾಗಿತ್ತಾ? ನಾವೇನು ಬ್ಯಾಡ ಅಂತಿದ್ವಾ?"

ಕವನ ಹಿಂದಿರುಗಿ ನೋಡಿದಳು. ಹೇಳಬೇಕಾದವಳು ನೀನು ಎಂಬ ಹಾಗೆ ಅವ್ವ ನಿಂತಿದ್ದಳು. ಹಿಡಿದ ಕೈ ಒರಟಾಗಿತ್ತು, ಬೆಚ್ಚಗಿತ್ತು. ತನ್ನ ಕೈಯನ್ನು ಅದರೊಳಗೆ ಇಟ್ಟುಕೊಳ್ಳುವಾಗ ಕವನಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಕ್ಕ, ಅವ್ವ ಯಾವತ್ತೂ ಉಪವಾಸ ಇರ್ಲಿಲ್ಲ. ಅದು ಸುಳ್ಳು. ನಾನು ಹೇಳಿದ ಸುಳ್ಳು."

ಮರಿತಾಯಮ್ಮ ಮೆಲ್ಲಗೆ ಕೈ ಬಿಟ್ಟಳು. ಕೊಳೆತದ್ದನ್ನು ತಿಳಿಯದೆ ಮುಟ್ಟಿದವಳಂತೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅನ್ನ ಇಕ್ಕ್ದೋಳ್ನ ಉಪಾಸ್ದೋಳು ಅಂದ್ಯಾ ಮಗಾ?" ಎಂದಳು. ಬಾಗಿಲ ತನಕ ಹೋದವಳು ಮೂಟೆಯ ಕಡೆ ತಿರುಗಿಯೂ ನೋಡಲಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಒಯ್ಯುವ ಜನ ನಾವಲ್ಲ ಎಂದು ಪಾಪಮ್ಮನಿಗೆ ಹೇಳಿ ಹೊರಟುಹೋದಳು.

ಕವನ ಅಲ್ಲೇ, ಮೊಸಾಯಿಕ್ ನೆಲದ ಮೇಲೆ ಕೂತು ಫೋನನ್ನು ತನ್ನತ್ತ ತಿರುಗಿಸಿಕೊಂಡಳು. ಇದು ನಮ್ಮ ಮನೆ, ಇದು ಫ್ರಿಜ್ಜು, ಇವರು ನಮ್ಮಪ್ಪ, ಬದುಕಿದ್ದಾರೆ. ಆ ಸಿನಿಮಾ ಸುಳ್ಳು. ಎರಡು ನಿಮಿಷ ಮಾತಾಡಿ ಲೋಕಕ್ಕೆ ಬಿಟ್ಟಳು. ಸ್ಪೇನಿಗೆ ಎಳ್ಳುನೀರು ಬಿಟ್ಟೆ ಎಂದುಕೊಂಡೇ ಬಿಟ್ಟಳು. ಆ ರಾತ್ರಿ, ಎಷ್ಟೋ ದಿನಗಳ ನಂತರ, ಕಣ್ತುಂಬ ನಿದ್ದೆ ಮಾಡಿದಳು.

ಆ ನಿದ್ದೆ ಒಂದು ರಾತ್ರಿಯದು ಮಾತ್ರ. ಬೆಳಿಗ್ಗೆ ಎದ್ದು ನೋಡಿದರೆ ಜನ ಬರೆದಿದ್ದರು: ಎಂಥ ಸ್ವಾಭಿಮಾನ! ಬಡತನವನ್ನು ಹೇಗೆ ಮುಚ್ಚಿಡುತ್ತಿದ್ದಾಳೆ ನೋಡಿ ಪಾಪ! ಫ್ರಿಜ್ಜು ಪಕ್ಕದ ಮನೆಯದಿರಬೇಕು ಎಂದು ಒಬ್ಬ ಕಂಡುಹಿಡಿದಿದ್ದ. ಮಾದುವನ್ನು ಯಾರೋ ಚಿಕ್ಕಪ್ಪ ಎಂದು ತೀರ್ಮಾನಿಸಿದ್ದರು. ಥೂ ಎಂದು ಫೋನನ್ನು ಮಂಚದ ಮೇಲೆ ಒಗೆಯುವಷ್ಟರಲ್ಲಿ ಅದೇ ರಿಂಗಾಯಿತು. ಹೇಮಂತ್. ಬಯ್ಯುತ್ತಾನೆ ಎಂದುಕೊಂಡರೆ ಅವನ ದನಿಯಲ್ಲಿ ಬೆಣ್ಣೆ ಕರಗುತ್ತಿತ್ತು.

"ಜನ ನಿನ್ನ ಮಾತು ನಂಬ್ತಿಲ್ಲ ಕವನ, ಅದೇ ನಮ್ಮ ಪುಣ್ಯ. ಕಂಪನಿಗೆ ಭಾರೀ ಖುಷಿ. ಇನ್ನೇನೂ ಮಾತಾಡ್ಬೇಡ, ಸಹಿ ಮಾಡಿ ಕಳ್ಸು."

ಕವನ ಮಾಡುವುದಿಲ್ಲ ಎಂದಳು. ಅವನು ಮೊದಲು ನಕ್ಕ, ಆಮೇಲೆ ಬುದ್ಧಿ ಹೇಳಿದ, ಆಮೇಲೆ ಇನ್ನೊಬ್ಬಳನ್ನು ಹುಡುಕಲು ತನಗೆ ಎರಡು ದಿನ ಸಾಕು ಎಂದ. ಹುಡುಕಿಕೊಳ್ಳಿ ಸಾರ್ ಎಂದು ಅವಳು ಫೋನಿಟ್ಟಳು. ನಾಲ್ಕು ವರ್ಷ ಕಂಡ ಕನಸು, ಸುಮ್ಮನೆ ಹೋಗುತ್ತದೆಯೇ? ಮುಸುಕೆಳೆದು ಒಂದಿಷ್ಟು ಅತ್ತಳು.

ಪಾಪಮ್ಮ ಬಂದು ಮಂಚದ ತುದಿಯಲ್ಲಿ ಕೂತಳು.

"ಸ್ಪೇನು?"

"ಹೋಯ್ತವ್ವ."

ಪಾಪಮ್ಮ ನಡುಮನೆಯಲ್ಲಿ ನಿನ್ನೆ ಇಳಿಸಿದ ಜಾಗದಲ್ಲೇ ಇದ್ದ ಮೂಟೆಯನ್ನು ತೋರಿಸಿ, ಇದನ್ನು ಆರು ಮನೆಗೂ ಹಿಂದಕ್ಕೆ ಕೊಟ್ಟು ಬಾ ಎಂದಳು. ಅವರು ತೆಗೆದುಕೊಳ್ಳುವುದಿಲ್ಲವಲ್ಲ ಎಂದರೆ, ತೆಗೆದುಕೊಳ್ಳುವ ತನಕ ನಿಂತಿರು ಎಂದಳು. ಕವನ ಎದ್ದು ಮುಖ ತೊಳೆದು, ಬೋರ್ಡು ತಂದು ಅದರ ಮೇಲೆ ಮೂಟೆಯನ್ನು ಎತ್ತಿಡಲು ಹೋದಳು. ಅವ್ವ ಕಾಲಿನಿಂದ ಬೋರ್ಡನ್ನು ಪಕ್ಕಕ್ಕೆ ತಳ್ಳಿದಳು.

"ಅದ್ರ ಮ್ಯಾಲಾದ್ರೆ ಸುಯ್ ಅಂತ ಒಂಟೋಯ್ತೀಯ. ತಲೆ ಮ್ಯಾಲೆ ಒತ್ಕೊಂಡು ನಿಧಾನುಕ್ಕೆ ಓಗು. ಕೇಳ್ದೋರ್ಗೆಲ್ಲಾ ನಿಂತ್ಕೊಂಡು ನಿಜ ಏಳು."

ಮೂಟೆಯನ್ನು ತಾನು ಎತ್ತಿ ಹೊರಿಸದೆ, ತಲೆಯ ಮೇಲಿಡುವ ಸಿಂಬಿಗೆಂದು ಹಳೆಯ ಟವೆಲೊಂದನ್ನು ಮಗಳ ಕೈಗೆ ಕೊಟ್ಟು ಪಕ್ಕಕ್ಕೆ ನಿಂತಳು. ಕವನ ತಾನೇ ಸಿಂಬಿ ಮಾಡಿಕೊಂಡು ತಾನೇ ಹೊತ್ತುಕೊಂಡಳು. ಕತ್ತು ನೋಯುತ್ತಿತ್ತು. ಹಿಂದಿನ ಬೀದಿಯಲ್ಲಿ ನಲ್ಲಿಯ ಹತ್ತಿರ ನಿಂತವರು ತಿರುಗಿ ನೋಡಿದರು. ಒಬ್ಬಿಬ್ಬರು ಕೇಳಿದರು, ಅವಳು ನಿಂತು ಹೇಳಿದಳು. ಒಬ್ಬಳು ಬಾಯಿಗೆ ಸೆರಗು ಹಿಡಿದಳು, ಒಬ್ಬಳು ಕೊಡದ ಕಡೆಗೆ ತಿರುಗಿಕೊಂಡಳು.

ಮೊದಲನೆಯ ಮನೆಯ ಜಗುಲಿಯಲ್ಲಿ ಒಬ್ಬ ಮುದುಕಿ ಕಾಲು ಚಾಚಿಕೊಂಡು ಕೂತಿದ್ದಳು. ಮೂಟೆಯನ್ನು ಗುರುತಿಸಿದ ಕೂಡಲೇ ಅವಳ ಮುಖ ಸಣ್ಣದಾಯಿತು.

"ಯಾಕವ್ವ, ಅಕ್ಕೀಲಿ ಕಲ್ಲಿತ್ತಾ?" ಎಂದು ಕೇಳಿದಳು.

ಮೂಟೆಯನ್ನು ಇಳಿಸದೆಯೇ ಕವನ ಮೊದಲಿನಿಂದ ಹೇಳತೊಡಗಿದಳು.