ಗುಬ್ಬಚ್ಚಿ ಬೆಳೆದಿದ್ದಾಳೆ

ನಮ್ಮ ಬೀದಿಯಲ್ಲಿ ಸೂರ್ಯನಿಗಿಂತ ಮೊದಲು ಗೋಡೆ ಏರುತ್ತಿದ್ದುದು ಆ ಮನೆಯ ಹಾಸಿಗೆ. ಬೆಳಗಾದರೆ ಸಾಕು, ಅಜ್ಜಿ ಒಂದು ತುದಿ, ಮಗ ಒಂದು ತುದಿ ಹಿಡಿದು ಅದನ್ನು ಹೊರಗೆ ತಂದು ಕಾಂಪೌಂಡ್ ಗೋಡೆಯ ಮೇಲೆ ಹಾಕುತ್ತಿದ್ದರು. ನಡುವೆ ದೊಡ್ಡದೊಂದು ಒದ್ದೆ ಗುರುತು. ಅದರ ಪಕ್ಕದಲ್ಲಿ ನಿನ್ನೆಯದು, ಅದರಾಚೆ ಮೊನ್ನೆಯದು. "ಇವತ್ತು ಯಾವ ದೇಶದ ನಕ್ಷೆ ಅಜ್ಜಿ?" ಎಂದು ಹಾಲಿನವನು ತಮಾಷೆ ಮಾಡುತ್ತಿದ್ದ. ಮೊದಮೊದಲು ಅಜ್ಜಿಯೂ ನಗುತ್ತಿದ್ದರು. ಆಮೇಲೆ ನಗುವುದನ್ನು ಬಿಟ್ಟರು.

ಮಕ್ಕಳಿರುವ ಮನೆಯಲ್ಲಿ ಹಾಸಿಗೆ ಒದ್ದೆಯಾಗುವುದು ಹೊಸದೇನಲ್ಲ. ನಿಮ್ಮ ಮನೆಯಲ್ಲೂ ಆಗಿರುತ್ತದೆ. ಆದರೆ ಈ ಮನೆಯಲ್ಲಿ ಅದು ಯಾಕೆ ನಿಲ್ಲಲಿಲ್ಲ ಎನ್ನುವುದನ್ನು ಸ್ವಲ್ಪ ಕೂತು ಕೇಳಬೇಕು.

ಮನೆಯಲ್ಲಿ ಮೂರೇ ಜನ. ಅಜ್ಜಿ, ಅಜ್ಜಿಯ ಮಗ, ಮಗನ ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಅವಳಮ್ಮ ಅವಳನ್ನು ಗುಬ್ಬಚ್ಚಿ ಎಂದು ಕರೆದಳು. ಹೆಸರು ಹಾಗೇ ಉಳಿಯಿತು, ಕರೆದವಳು ಉಳಿಯಲಿಲ್ಲ. ಮಗು ಅಂಬೆಗಾಲಿಡುತ್ತಿದ್ದಾಗ ಆಕೆ ಆಸ್ಪತ್ರೆಗೆ ಸೇರಿದಳು, ಮತ್ತೆ ಮನೆಗೆ ಬರಲಿಲ್ಲ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವಳು ಒಂದು ಕೆಲಸ ಮಾಡಿದ್ದಳು. ಯಾರ ಮಾತನ್ನೂ ಕೇಳದೆ ತಾನೇ ಅಂಗಡಿಗೆ ಹೋಗಿ, ಎರಡೂ ಕೈ ತುಂಬ ಡೈಪರ್ ಪಾಕೀಟು ಹೊತ್ತು, ಏದುಸಿರು ಬಿಡುತ್ತಾ ಬಂದಿದ್ದಳು. ಬೀರುವಿನ ಕೆಳಗಿನ ಖಾನೆಯಲ್ಲಿ, ತನ್ನ ಬಟ್ಟೆಗಳ ಕೆಳಗೆ, ಅವನ್ನು ಒಪ್ಪವಾಗಿ ಜೋಡಿಸಿದಳು. "ಇದು ಮುಗಿಯೋದ್ರೊಳಗೆ ಬಂದುಬಿಡ್ತೀನಿ," ಎಂದು ಗಂಡನಿಗೆ ಹೇಳಿದಳು. ಹಗಲೆಲ್ಲ ಮಗು ಶಿಶುವಿಹಾರದಲ್ಲಿ ಬಟ್ಟೆಯ ಚಡ್ಡಿಯಲ್ಲೇ ಇರುತ್ತದೆ. ಡೈಪರ್ ಬೇಕಾಗುವುದು ರಾತ್ರಿಗೆ ಮಾತ್ರ. ಹಾಗಾಗಿ ಪಾಕೀಟುಗಳು ಬೇಗ ಮುಗಿಯಲೇ ಇಲ್ಲ. ಅಮ್ಮ ಹೋದ ಮೇಲೆ ಮಗು ನಿಂತಿತು, ನಡೆಯಿತು, ಈಗ ಕೈಗೆ ಸಿಗದ ಹಾಗೆ ಓಡುತ್ತದೆ. ಬೀರುವಿನಲ್ಲಿ ಪಾಕೀಟು ಇನ್ನೂ ಇವೆ.

ಅಪ್ಪನಿಗೆ ಶೂ ಅಂಗಡಿಯಲ್ಲಿ ಕೆಲಸ. ಮಕ್ಕಳ ಶೂ ಅವನ ವಿಭಾಗ. ಮಗುವಿನ ಪಾದವನ್ನು ಅಳತೆಯ ಹಲಗೆಯ ಮೇಲಿಟ್ಟು, ಶೂ ತೊಡಿಸಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಹಿಂಭಾಗದಲ್ಲಿ ಕಿರುಬೆರಳು ತೂರಿಸಿ ನೋಡಿ, ಆಮೇಲೇ ಹೂಂ ಎನ್ನುವವನು. ಬಿಗಿಯಾಗಿದ್ದರೆ ಗಿರಾಕಿ ಎಷ್ಟು ಗೋಗರೆದರೂ ಕೊಡುವುದಿಲ್ಲ. ಇಷ್ಟು ತಿಳಿದವನಿಗೆ ತನ್ನ ಮಗಳ ಸೊಂಟ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಾಣಲಿಲ್ಲ. ದುಃಖದಲ್ಲಿದ್ದವರಿಗೆ ಎದುರಿಗಿದ್ದದ್ದೂ ಕಾಣುವುದಿಲ್ಲ.

ಅಜ್ಜಿಗೆ ತೋಚಿದ ಉಪಾಯಗಳು ಬೇರೆ. ಸೋರುತ್ತಿದೆ ಎಂದರೆ ಸಡಿಲವಾಗಿದೆ ಎಂದು ಅಂಟುಪಟ್ಟಿಯನ್ನು ಎಳೆದೆಳೆದು ಬಿಗಿ ಮಾಡಿದರು. ಆಗಲೂ ಸೋರಿತು. ಒಂದರ ಮೇಲೊಂದು ಎರಡು ಹಾಕಿದರು. ಮಗುವಿಗೆ ಕಾಲು ಮಡಚಲೂ ಆಗಲಿಲ್ಲ, ಹಾಸಿಗೆ ಮಾತ್ರ ಎಂದಿನಂತೆ ಒದ್ದೆ. ಕೊನೆಗೆ ಅವರು ನೀರಿಗೇ ಕೈ ಹಾಕಿದರು. ಒಳಗೆ ಹೋದರೆ ತಾನೇ ಹೊರಗೆ ಬರುವುದು ಎಂಬುದು ಅವರ ಲೆಕ್ಕ. ಸಂಜೆ ಶಿಶುವಿಹಾರದಿಂದ ಬಂದ ಮೇಲೆ ಮಗುವಿಗೆ ನೀರಿಲ್ಲ. ಗುಬ್ಬಚ್ಚಿ ಆಗಷ್ಟೇ ಮಾತು ಕಲಿಯುತ್ತಿದ್ದಳು. "ನೀಯು, ನೀಯು" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಜ್ಜಿ ಗೊಂಬೆ ಕೊಟ್ಟು ಮರೆಸುತ್ತಿದ್ದರು. ಕೆಲವು ದಿನ ಕೇಳಿದಳು. ಕೇಳಿದರೂ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಕೇಳುವುದನ್ನೇ ಬಿಟ್ಟಳು. ಮಗು ಜಾಣೆಯಾಯಿತು ಎಂದು ಅಜ್ಜಿ ನಂಬಿದರು.

ಇದನ್ನು ಮೊದಲು ಗಮನಿಸಿದ್ದು ಶಿಶುವಿಹಾರದ ಅಕ್ಕ. ಅವರನ್ನು ಮಕ್ಕಳೂ ಅಕ್ಕ ಎನ್ನುತ್ತಾರೆ, ಮಕ್ಕಳ ಅಪ್ಪ ಅಮ್ಮಂದಿರೂ ಅಕ್ಕ ಎನ್ನುತ್ತಾರೆ. ಬೆಳಗ್ಗೆ ಬಂದ ಕೂಡಲೇ ಗುಬ್ಬಚ್ಚಿ ನೀರಿನ ಹೂಜಿಯ ಹತ್ತಿರ ಓಡಿ ಲೋಟಗಟ್ಟಲೆ ಕುಡಿಯುತ್ತಿದ್ದಳು. ತುಟಿ ಒಣಗಿರುತ್ತಿತ್ತು. ಉಚ್ಚೆ ಕಡು ಹಳದಿ, ಹೊಯ್ಯುವಾಗ ಅಳು. ಚಡ್ಡಿ ಬದಲಿಸುವಾಗ ನೋಡಿದರೆ ತೊಡೆಯ ಸುತ್ತ ದಾರ ಕಟ್ಟಿ ಬಿಚ್ಚಿದ ಹಾಗೆ ಕೆಂಪು ಗೆರೆ, ಒಂದು ಕಡೆ ಚರ್ಮ ಕಿತ್ತು ಹಸಿಯಾಗಿತ್ತು.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಮರುದಿನ ಗೇಟಿನ ಹತ್ತಿರವೇ ಅಪ್ಪನನ್ನು ನಿಲ್ಲಿಸಿಕೊಂಡು, ತಾಯಿ ಇಲ್ಲದ ಮಗುವನ್ನು ನೋಡಿಕೊಳ್ಳುವ ರೀತಿ ಇದೇನಾ ಎಂದು ನಾಲ್ಕು ಜನರೆದುರು ಕೇಳಿಬಿಟ್ಟರು. ಅವನು ಊಟದ ಡಬ್ಬಿ ಹಿಡಿದು ತಲೆ ತಗ್ಗಿಸಿ ನಿಂತ. ಹಾಗೇ ಕೆಲಸಕ್ಕೆ ಹೋದ. ತಾನು ಆಡಿದ ಮಾತು ಆ ದಿನವೆಲ್ಲ ಅಕ್ಕನನ್ನೇ ಚುಚ್ಚಿತು. ಸಂಜೆ ಮಗುವನ್ನು ತಾವೇ ಎತ್ತಿಕೊಂಡು ಆ ಮನೆಗೆ ಹೋದರು.

ಅಜ್ಜಿ ಬಾಗಿಲಲ್ಲೇ ಮುಖ ಗಂಟು ಹಾಕಿಕೊಂಡರು. ತಾವು ಮಕ್ಕಳನ್ನು ಸಾಕಿದ ಕಾಲದಲ್ಲಿ ಈ ಡೈಪರ್ ಗೀಪರ್ ಒಂದೂ ಇರಲಿಲ್ಲ ಎಂದು ಶುರು ಮಾಡಿ, ಮಗುವಿನ ಮೈ ಸೂಕ್ಷ್ಮ, ಗೆರೆ ಬಿದ್ದರೆ ತಾವೇನು ಮಾಡಬೇಕು ಎಂದರು. ಅಕ್ಕ ವಾದಕ್ಕೆ ಹೋಗಲಿಲ್ಲ. ಬೆಳಗ್ಗೆ ದುಡುಕಿದೆ, ತಪ್ಪಾಯಿತು ಎಂದು ಕೆಲಸದಿಂದ ಆಗಷ್ಟೇ ಬಂದಿದ್ದ ಅಪ್ಪನಿಗೆ ಹೇಳಿ, ರಾತ್ರಿ ಹಾಕುವ ಡೈಪರ್ ಒಂದನ್ನು ತೋರಿಸಿ ಎಂದು ಕೇಳಿದರು.

ಅಪ್ಪ ಬೀರು ತೆಗೆದ. ಮೇಲೆ ಹೆಂಡತಿಯ ಬಟ್ಟೆಗಳು ಮಡಚಿಟ್ಟ ಹಾಗೇ ಇದ್ದವು. ಕೆಳಗಿನ ಖಾನೆಯಿಂದ ಪಾಕೀಟನ್ನು ಅವನು ಎರಡೂ ಕೈಯಲ್ಲಿ, ಒಡೆಯುವ ಸಾಮಾನಿನ ಹಾಗೆ, ತೆಗೆದುಕೊಟ್ಟ. ಅಕ್ಕ ಅದರ ಮೇಲಿನ ಚಿತ್ರ ನೋಡಿದರು, ಬರೆದಿದ್ದ ತೂಕ ನೋಡಿದರು, ಮಂಚದಿಂದ ಕುರ್ಚಿಗೆ ಹತ್ತುತ್ತಿದ್ದ ಗುಬ್ಬಚ್ಚಿಯನ್ನು ನೋಡಿದರು.

"ಇದು ಅಂಬೆಗಾಲಿಡೋ ಮಕ್ಕಳದ್ದು ಅಜ್ಜಿ. ಇವಳಿಗೆ ಚಿಕ್ಕದಾಗಿದೆ, ಅದಕ್ಕೇ ಸೋರ್ತಿರೋದು. ಬಿಗಿ ಮಾಡಿದಷ್ಟೂ ತೊಡೆ ಹತ್ರ ಬಾಯಿ ಬಿಡುತ್ತೆ."

"ನನ್ನ ಸೊಸೆ ತಂದಿಟ್ಟಿದ್ದು ಕಣಮ್ಮಾ ಅದು. ಅವಳು ಯಾವತ್ತೂ ಲೆಕ್ಕ ತಪ್ಪಿದವಳಲ್ಲ."

"ತಪ್ಪಿಲ್ಲ ಅಜ್ಜಿ. ಅವರು ನೋಡಿದ ಮಗುವಿಗೆ ಇದು ಸರಿಯಾಗೇ ಇತ್ತು. ಈ ಮಗುನ ಅವರು ನೋಡಿಲ್ಲ."

ಅಜ್ಜಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಅಪ್ಪ ಪಾಕೀಟನ್ನು ಅಕ್ಕನ ಕೈಯಿಂದ ಮೆಲ್ಲಗೆ ವಾಪಸ್ ತೆಗೆದುಕೊಂಡ.

"ಇದು ಮುಗಿಯೋದ್ರೊಳಗೆ ಬಂದುಬಿಡ್ತೀನಿ ಅಂದಿದ್ದಳು ಅಕ್ಕ," ಎಂದ. "ಬರಲ್ಲ ಅಂತ ಗೊತ್ತು. ನಾನೇ ಅಲ್ವಾ ಕಳಿಸಿಕೊಟ್ಟು ಬಂದಿದ್ದು. ಆದ್ರೂ ಇದು ಇನ್ನೂ ಮುಗಿದಿಲ್ಲ."

ಅಕ್ಕ ಮಗುವನ್ನು ಮಂಚದ ಮೇಲೆ ಮಲಗಿಸಿ, ಅದೇ ಪಾಕೀಟಿನ ಒಂದು ಡೈಪರ್ ಹಾಕಿ, ಪಕ್ಕಕ್ಕೆ ಸರಿದು, ನೀವೇ ನೋಡಿ ಎಂದಷ್ಟೇ ಹೇಳಿದರು.

ಅಪ್ಪ ಮಂಚದ ಮುಂದೆ ಮಂಡಿಯೂರಿ ಕೂತ. ಅಂಗಡಿಯಲ್ಲಿ ದಿನವೂ ಕೂರುವ ಹಾಗೆಯೇ. ಅಭ್ಯಾಸಬಲದಿಂದ ಬೆರಳು ತಾನಾಗಿಯೇ ಮುಂದಕ್ಕೆ ಹೋಯಿತು. ಸೊಂಟದ ಹತ್ತಿರ ತೂರಿಸಿ ನೋಡಿದ, ಹೋಗಲಿಲ್ಲ. ತೊಡೆಯ ಹತ್ತಿರ ತೂರಿಸಿದಾಗ ಗಾಯಕ್ಕೆ ತಗುಲಿ ಗುಬ್ಬಚ್ಚಿ ಕಾಲು ಎಳೆದುಕೊಂಡಳು. ಹೊಕ್ಕುಳಿನ ಹತ್ತಿರ ಬರಬೇಕಾದ ಪಟ್ಟಿ ಎಷ್ಟೋ ಕೆಳಗೇ ನಿಂತಿತ್ತು.

"ತುಂಬಾ ಚಿಕ್ಕದು," ಎಂದ ಕೊನೆಗೆ. "ಬೇರೆ ಯಾರ ಮಗುವಿಗೂ ಇಂಥದ್ದನ್ನ ನಾನು ಕೊಡ್ತಿರಲಿಲ್ಲ."

ಮಾತು ಮುಗಿಯುವ ಮೊದಲೇ ಅವನಿಗೆ ಅಳು ಬಂತು. ಹೆಂಡತಿ ಹೋದ ದಿನವೂ ಎಲ್ಲರೆದುರು ಅಳದವನು ಮಗಳ ಕಾಲು ಹಿಡಿದುಕೊಂಡು ಅತ್ತ. ಗುಬ್ಬಚ್ಚಿ ಎದ್ದು ಕೂತು, ತನಗೆ ಗಾಯವಾದಾಗ ಅಕ್ಕ ಮಾಡುವ ಹಾಗೆ, ಅವನ ತಲೆಗೆ ಉಫ್ ಉಫ್ ಎಂದು ಊದಿದಳು.

ಆಮೇಲೆ ಅಕ್ಕ ನೀರಿನ ವಿಷಯ ಎತ್ತಿದರು. ಅಜ್ಜಿ ಮೊದಲು ಒಪ್ಪಲಿಲ್ಲ. ನೀರು ಕೊಟ್ಟರೆ ಹಾಸಿಗೆ ಕೆರೆಯಾಗುತ್ತದೆ ಎಂದರು. ನೀರು ಕಡಿಮೆಯಾದರೆ ಉಚ್ಚೆ ಖಾರವಾಗಿ ಉರಿ ಬರುತ್ತದೆ, ಹೊಟ್ಟೆ ಕಟ್ಟುತ್ತದೆ, ಗಾಯಕ್ಕೆ ತಗುಲಿದರೆ ಮಗು ನರಳುತ್ತದೆ, ಮೂತ್ರಕ್ಕೆ ಸೋಂಕೂ ತಗುಲಬಹುದು ಎಂದು ಅಕ್ಕ ನಿಧಾನವಾಗಿ ಹೇಳಿದರು. ಹಗಲು ಚೆನ್ನಾಗಿ ಕುಡಿಸಿ, ಸಂಜೆ ಬಾಯಾರಿದಾಗ ಬೇಡ ಎನ್ನಬೇಡಿ, ಸೋರುವುದನ್ನು ನಿಲ್ಲಿಸಬೇಕಾದದ್ದು ಡೈಪರ್, ಮಗುವಲ್ಲ ಎಂದರು.

ಅಜ್ಜಿ ಎದ್ದು ಹೋಗಿ ಒಂದು ಲೋಟ ನೀರು ತಂದರು. ಗುಬ್ಬಚ್ಚಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಕ್ಷಣ ಕುಡಿಯಲಿಲ್ಲ. ಕುಡಿಯಲಾ ಎಂಬಂತೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ತಲೆಯಾಡಿಸಿದ ಮೇಲೆ ಒಂದು ಗುಟುಕು ಕುಡಿದಳು, ಮತ್ತೆ ನೋಡಿದಳು. ಒಂದೊಂದು ಗುಟುಕಿಗೂ ನೋಡಿದಳು. ಆ ನೋಟವನ್ನು ತಡೆಯಲಾರದೆ ಅಜ್ಜಿ ಗೋಡೆಯ ಕಡೆ ತಿರುಗಿದರು.

ಆ ಸಂಜೆಯೇ ಅಪ್ಪ, ಅಕ್ಕ ಇಬ್ಬರೂ ಗುಬ್ಬಚ್ಚಿಯನ್ನು ಕರೆದುಕೊಂಡು ಔಷಧಿ ಅಂಗಡಿಗೆ ಹೋದರು. ಮಗುವಿನ ತೂಕ ಎಷ್ಟು ಎಂದು ಅಂಗಡಿಯವನು ಕೇಳಿದ. ಅಪ್ಪನಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿದ್ದ ತೂಕದ ಯಂತ್ರದ ಮೇಲೆ ಗುಬ್ಬಚ್ಚಿಯನ್ನು ನಿಲ್ಲಿಸಿದರು. ಮುಳ್ಳು ಸರಿದು ಸರಿದು ನಿಂತಿತು. ಅಪ್ಪ ಅದನ್ನೇ ನೋಡುತ್ತಿದ್ದ. ಈ ಸುದ್ದಿಯನ್ನು ಹೇಳಲು ಮನೆಯಲ್ಲಿ ಒಬ್ಬಳು ಇರಬೇಕಿತ್ತು ಎಂದು ಅವನಿಗೆ ಅನ್ನಿಸಿರಬೇಕು. ತೂಕಕ್ಕೆ ಸರಿಯಾದ, ರಾತ್ರಿಗೆಂದೇ ಹೆಚ್ಚು ಹೀರುವ ಡೈಪರ್ ತೆಗೆದುಕೊಂಡರು.

ಮನೆಗೆ ಬಂದು ಅಕ್ಕ ಹಾಕುವ ಬಗೆ ತೋರಿಸಿದರು. ಮಲಗಿಸುವ ಹೊತ್ತಿಗೆ ಸಂಜೆ ಹಾಕಿದ್ದನ್ನು ತೆಗೆದು ಹೊಸದನ್ನೇ ಹಾಕಬೇಕು. ಮೊದಲು ತೊಳೆದು, ಮೆತ್ತಗೆ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಬೇಕು. ಹಿಂದಿನ ಪಟ್ಟಿ, ಮುಂದಿನ ಪಟ್ಟಿ ಎರಡೂ ಒಂದೇ ಎತ್ತರಕ್ಕೆ, ಹೊಕ್ಕುಳಿನ ಸ್ವಲ್ಪ ಕೆಳಗೆ ಬರಬೇಕು. ಅಂಟಿಸಿದ ಮೇಲೆ ಸೊಂಟದ ಹತ್ತಿರ ಎರಡು ಬೆರಳು ಹೋಗುವಷ್ಟು ಜಾಗ ಇರಬೇಕು. "ಇದನ್ನ ನಿಮಗೆ ಹೇಳಿಕೊಡಬೇಕಾ?" ಎಂದು ಅಕ್ಕ ಅಪ್ಪನನ್ನು ಕೇಳಿದಾಗ ಅವನ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು. ಅಜ್ಜಿಗೆ ಹೊಸದೆನಿಸಿದ್ದು ತೊಡೆಯ ಸುತ್ತ ಬರುವ ಡೈಪರಿನ ಅಂಚಿನ ನೆರಿಗೆ. ಅದು ಒಳಕ್ಕೆ ಮಡಚಿಕೊಂಡಿದ್ದರೆ ಉಚ್ಚೆ ನೇರ ಹಾಸಿಗೆಗೇ ಹರಿಯುತ್ತದೆ, ಬೆರಳು ಓಡಿಸಿ ಸುತ್ತಲೂ ಹೊರಕ್ಕೆ ಬಿಡಿಸಬೇಕು. ಇಷ್ಟು ದಿನ ಅಜ್ಜಿ ಅದನ್ನು ಒಪ್ಪವಾಗಿ ಒಳಕ್ಕೇ ಸೇರಿಸುತ್ತಿದ್ದರು.

ಮರುದಿನ ಬೆಳಗ್ಗೆ ಅಜ್ಜಿ ಎಂದಿನಂತೆ ಹಾಸಿಗೆಯ ತುದಿ ಹಿಡಿಯಲು ಬಂದು, ಕೈಯಾಡಿಸಿ ನೋಡಿ, ಅಲ್ಲೇ ಕೂತುಬಿಟ್ಟರು. ಒಣಗಿತ್ತು. ಒದ್ದೆ ಹಾಸಿಗೆಗೆ ಅಳದ ಅಜ್ಜಿ ಒಣ ಹಾಸಿಗೆಯ ಮೇಲೆ ಕೂತು ಅತ್ತರು. ಮಗು ಬಾಯಾರಿ ಮಲಗಿದ ಅಷ್ಟೂ ದಿನಗಳು ಅವರ ಕಣ್ಣ ಮುಂದೆ ಬಂದಿದ್ದವು. ಗೋಡೆ ಖಾಲಿಯಿರುವುದನ್ನು ಕಂಡು ಹಾಲಿನವನು ನಕ್ಷೆ ಎಲ್ಲಿ ಎಂದು ಕೇಳಿದ. "ಮಗು ಬೆಳೀತಪ್ಪ," ಎಂದರು ಅಜ್ಜಿ.

ತೊಡೆಯ ಗಾಯವನ್ನು ಡಾಕ್ಟರಿಗೆ ತೋರಿಸಿದರು, ಅವರು ಕೊಟ್ಟ ಮುಲಾಮಿನಿಂದ ಮಾಯಿತು. ಕೆಲವು ದಿನ ಕಳೆದ ಮೇಲೆ ಅಪ್ಪ ಒಂದು ಚೀಲ ಹಿಡಿದು ಶಿಶುವಿಹಾರಕ್ಕೆ ಬಂದ. ಬೀರುವಿನ ಪಾಕೀಟುಗಳು ಅದರಲ್ಲಿದ್ದವು. ಅಲ್ಲಿ ಹೊಸದಾಗಿ ಸೇರಿದ ಒಂದು ಮಗು ಚಾಪೆಯ ಮೇಲೆ ಅಂಬೆಗಾಲಿಡುತ್ತಿತ್ತು. ಅವನು ಅದನ್ನು ಸ್ವಲ್ಪ ಹೊತ್ತು ನೋಡಿ, "ಇವನಿಗೆ ಸರಿಹೋಗುತ್ತೆ," ಎಂದು ಚೀಲ ಅಕ್ಕನ ಕೈಗಿಟ್ಟ. ಒಂದೇ ಒಂದು ಡೈಪರನ್ನು ಮಾತ್ರ ಹೆಂಡತಿಯ ಬಟ್ಟೆಗಳ ಕೆಳಗೆ ಉಳಿಸಿಕೊಂಡಿದ್ದಾನೆ. ಅಜ್ಜಿಗೆ ಗೊತ್ತು, ಕೇಳಿಲ್ಲ. ಅದು ಇನ್ನು ಮುಗಿಯುವುದಿಲ್ಲ.

ಅಪ್ಪ ಅಮ್ಮಂದಿರೇ, ಮಕ್ಕಳನ್ನು ಆಡಿಸುವ ಅಜ್ಜಿ ತಾತಂದಿರೇ, ಇವತ್ತು ಸಂಜೆ ಮಗುವಿನ ಸೊಂಟ, ತೊಡೆಯನ್ನೊಮ್ಮೆ ನೋಡಿ. ಕೆಂಪು ಗೆರೆ ಇದ್ದರೆ, ಪಟ್ಟಿ ಹೊಕ್ಕುಳಿನಿಂದ ಬಹಳ ಕೆಳಗಿದ್ದರೆ, ಅಂಟುಪಟ್ಟಿ ಎಳೆದರೂ ಮುಟ್ಟದಿದ್ದರೆ, ಅಳತೆ ಬದಲಿಸುವ ಹೊತ್ತು ಬಂದಿದೆ. ಪಾಕೀಟಿನ ಮೇಲಿನ ತೂಕ ನೋಡಿ ಕೊಳ್ಳಿ, ವಯಸ್ಸು ನೋಡಿ ಅಲ್ಲ. ಗಂಡುಮಗುವಾದರೆ ಅದರ ಮೂತ್ರದ ಅಂಗ ಕೆಳಮುಖವಾಗಿರುವಂತೆ ನೋಡಿಕೊಂಡು ಹಾಕಿ. ಬಟ್ಟೆಯದನ್ನೇ ಕಟ್ಟುವವರು ಹೆಚ್ಚು ಒದ್ದೆಯಾಗುವ ಜಾಗಕ್ಕೆ ಬಟ್ಟೆಯ ಇನ್ನೊಂದು ಪದರ ಇಡಿ. ಹಾಸಿಗೆಯ ಬಟ್ಟೆಯ ಕೆಳಗೆ ನೀರಿಳಿಯದ ಹಾಳೆಯೊಂದನ್ನು ಚೆನ್ನಾಗಿ ಸಿಕ್ಕಿಸಿ. ಗಾಯವಾಗಿದ್ದರೆ, ಜ್ವರ ಬಂದರೆ, ಉಚ್ಚೆ ಹೊಯ್ಯುವಾಗ ಮಗು ಅತ್ತರೆ ಡಾಕ್ಟರ ಹತ್ತಿರ ಹೋಗಿ, ತಡ ಮಾಡಬೇಡಿ.

ಇಷ್ಟೆಲ್ಲ ಮಾಡಿದರೂ ಒಂದೊಂದು ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಆಗಲಿ, ಬೆಳಗ್ಗೆ ಗೋಡೆಯ ಮೇಲೆ ಹಾಕಿದರೆ ಒಣಗುತ್ತದೆ. ಆದರೆ ಮಗು ನೀರು ಕೇಳಿದಾಗ ಇಲ್ಲ ಎನ್ನಬೇಡಿ, ಕೊಡಿ.