ನಡುವೆ ನಿಂತ ಮಗ್ಗಿ

“ಆ ಫಿಟ್ಸ್ ಮುಂಡೇದನ್ನ ಪೊರಕೆ ರೂಮಿಗೆ ತಳ್ಳಿ ಚಿಲಕ ಹಾಕು. ಸಾಹೇಬ್ರು ಹೋಗೋವರೆಗೂ ಉಸಿರು ಕೇಳ್ಬಾರ್ದು.”

ಶಾಲೆಯ ಆಯಾ ಪಾಯಿಖಾನೆ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದು ಹೆಡ್‌ಮೇಡಮ್ಮರ ಮುಂದೆ ನಿಂತಿದ್ದಳು. ಮಗಳು ಗುಬ್ಬಿ ಸೆರಗು ಹಿಡಿದಿದ್ದಳು.

“ಇವತ್ತು ತೂಕಡಿಸಲ್ಲ ಅಮ್ಮಾವ್ರೇ. ಮಾತ್ರೆ ಅರ್ಧಾನೇ ಕೊಟ್ಟಿದೀನಿ.”

“ಇಲ್ಲೇ ಬಿದ್ದು ಒದ್ದಾಡ್ಲಿ ಅಂತಾನಾ? ತಲೇಲಿ ಏನು ಸಗಣಿ ತುಂಬ್ಕೊಂಡಿದೀಯಾ?”

ಅರ್ಧ ಮಾಡು ಎಂದವರು ಹೆಡ್‌ಮೇಡಮ್ಮೇ. ಪೂರ್ತಿ ಮಾತ್ರೆ ನುಂಗಿದರೆ ಗುಬ್ಬಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಸ್ಕೇಲಿನ ಏಟು ಬೀಳುತ್ತಿತ್ತು. ಕಡಿಮೆ ಮಾಡಿದರೆ ಕಣ್ಣು ಎಲ್ಲೋ ನೆಟ್ಟು, ಮಾತು ಬಾಯಲ್ಲೇ ನಿಲ್ಲುತ್ತಿತ್ತು. ಅರಿವಿಗೆ ಮರಳಿ ಬಂದವಳು ನಿಂತ ಕಡೆಯಿಂದಲೇ ಮುಂದುವರಿಸುತ್ತಿದ್ದಳು. ಅಷ್ಟರಲ್ಲಿ ತರಗತಿ ಬೇರೆ ಪಾಠಕ್ಕೆ ಹೋಗಿರುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

“ನಾಳೆಯಿಂದ ಕರ್ಕೊಂಡು ಬರ್ಬೇಡ. ಪೊರಕೆ ಹಿಡಿಯೋಕೆ ಮಗ್ಗಿ ಬೇಕೇನೇ?”

ಪೊರಕೆ ರೂಮಿಗೆ ಕಿಟಕಿಯಿರಲಿಲ್ಲ. ಗುಬ್ಬಿ ತಾನಾಗಿಯೇ ಒಳಗೆ ಹೋಗಿ, ಬಕೆಟ್ ಬೋರಲು ಹಾಕಿ ಕುಳಿತಳು. ಅವಳಿಗೆ ಅದು ರೂಢಿಯಾಗಿತ್ತು.

“ಅಮ್ಮಾ, ಮೂರರ ಮಗ್ಗಿ ಪೂರ್ತಿ ಬರುತ್ತೆ ಕಣಮ್ಮಾ. ಸಾಹೇಬ್ರು ನನ್ನ ಕೇಳಲ್ವಾ?”

ಚಿಲಕದ ಮೇಲಿದ್ದ ಆಯಾಳ ಕೈ ಅಲ್ಲೇ ನಿಂತಿತು.

ತಪಾಸಣೆಗೆ ಬಂದಿದ್ದ ಸಾಹೇಬರು, “ಯಾರಪ್ಪಾ ಮಗ್ಗಿ ಹೇಳ್ತೀರಾ?” ಎನ್ನುವುದಕ್ಕೂ ಆಯಾ ಮಗಳ ಕೈ ಹಿಡಿದು ತಂದು ಬೋರ್ಡಿನ ಮುಂದೆ ನಿಲ್ಲಿಸುವುದಕ್ಕೂ ಸರಿಹೋಯಿತು. ಅವಳ ಇನ್ನೊಂದು ಕೈಯಲ್ಲಿ ನೆಲ ಒರೆಸುವ ಕೋಲಿತ್ತು.

“ನನ್ ಮಗಳು ಹೇಳ್ತಾಳೆ.”

“ಮೂರೊಂದ್ಲ ಮೂರು, ಮೂರೆರಡ್ಲ ಆರು, ಮೂರ್ಮೂರ್ಲ ಒಂಬತ್ತು, ಮೂರ್ನಾಕ್ಲ...”

ಗುಬ್ಬಿಯ ರೆಪ್ಪೆ ಪಟಪಟ ಬಡಿಯಿತು. ಮಾತು ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಗು ಮುಂದಿನವರೆಗೂ ಹರಿಯಿತು.

“ಇದಕ್ಕೆ ತಲೆ ಸರಿಯಿಲ್ಲ ಸರ್. ಬನ್ನಿ, ಟೀ ಆರಿಹೋಗುತ್ತೆ,” ಎಂದರು ಹೆಡ್‌ಮೇಡಮ್ಮು. ಸಾಹೇಬರು ಬಾಗಿಲಿನತ್ತ ತಿರುಗಿದರು.

ಆಯಾ ಬಾಗಿಲಿಗೆ ಕೋಲು ಅಡ್ಡ ಹಿಡಿದಳು.

“ದಾರಿ ಬಿಡೇ ದರಿದ್ರದವಳೇ! ಈಗಿಂದೀಗ್ಲೇ ಕೆಲಸದಿಂದ ಕಿತ್ತಾಕ್ತೀನಿ!”

“ಕಿತ್ತಾಕ್ರಿ. ಅವಳಿನ್ನೂ ಮುಗಿಸಿಲ್ಲ. ಬರ್ತಾಳೆ. ಕಾಯ್ರಿ.”

ಕೋಲಿನ ತುದಿಯ ಬಟ್ಟೆಯಿಂದ ಕೊಳೆನೀರು ಸಾಹೇಬರ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವರು ಕಾಲು ಹಿಂದಕ್ಕೆಳೆದುಕೊಂಡರು. ನಗು ಬೆಂಚಿನಿಂದ ಬೆಂಚಿಗೆ ಆರುತ್ತ ಬಂತು.

ಬೋರ್ಡಿನ ಮುಂದೆ ಗುಬ್ಬಿ, ಬಾಯಿ ಅರ್ಧ ತೆರೆದುಕೊಂಡು, ಯಾರನ್ನೂ ಕಾಣದ ಕಣ್ಣಲ್ಲಿ ಎಲ್ಲರತ್ತ ನೋಡುತ್ತ ನಿಂತೇ ಇದ್ದಳು.